ಸ್ಕ್ಲೆರೋಸಿಸ್

‘ಗಡುಸಾದ’ ಎಂಬ ಅರ್ಥದ ಗ್ರೀಕ್ ಪದ ‘ಸ್ಕ್ಲೆರೋಸ್’ನಿಂದ ಹುಟ್ಟಿದ ಈ ಶಬ್ದವು ವೈದ್ಯಶಾಸ್ತ್ರದಲ್ಲಿ ಅಂಗಾಂಶವು ಮೃದುತ್ವ ಕಳೆದುಕೊಂಡು ಗಟ್ಟಿಯಾಗುವುದನ್ನು ಸೂಚಿಸುತ್ತದೆ. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ವೈದ್ಯ ಶಾರ್ಕೊ 1868ರಲ್ಲಿ, ರೋಗಿಗಳಲ್ಲಿ ಕಂಡ ಲಕ್ಷಣಗಳನ್ನು ಮರಣಾನಂತರ ಅವರ ಮಿದುಳು ಮತ್ತು ಬೆನ್ನುಹುರಿಯಲ್ಲಿ ದೊರೆತ ಗಡುಸು ಮಚ್ಚೆಗಳೊಡನೆ ತಾಳೆ ನೋಡಿ, ಕಾಯಿಲೆಗೆ ‘ಮಚ್ಚೆಮಚ್ಚೆಯಾದ ಗಡುಸುತನ’ ಎಂಬರ್ಥದ ಫ್ರೆಂಚ್ ಹೆಸರನ್ನು ಬಳಸಿದನು. ಮಚ್ಚೆಗಳು ಹಲವೆಂದು ಹೇಳುವ ‘ಮಲ್ಟಿಪಲ್ ಸ್ಕ್ಲೆರೋಸಿಸ್’ ಎಂಬ ಇಂಗ್ಲಿಷ್ ಹೆಸರು ಮುಂದೆ ರೂಢಿಗೆ ಬಂದಿತು. ನರತಂತುಗಳ ಮೇಲಿನ ಕೊಬ್ಬಿನಂಶದ ಹೊದಿಕೆಯಾದ ಮಯಲಿನ್ ಅನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಗೆಡವಿದಾಗ ಉಳಿಯುವ ಕಲೆಗಳೇ ಈ ಮಚ್ಚೆಗಳು.

ಈ ಕಾಯಿಲೆಯ ಹೆಸರಿನೊಡನೆ ಬರುವ ‘ಪ್ರೊಗ್ರೆಸಿವ್’ ಎಂಬ ವಿಶೇಷಣವು ಬೇರೆಡೆ ಏಳಿಗೆಯನ್ನು ಸೂಚಿಸಿದರೂ ಇಲ್ಲಿ ರೋಗವು ಬಲಿಯುತ್ತ ಹೋಗುವುದನ್ನು ಹೇಳುತ್ತದೆ: ಆರಂಭದಿಂದಲೇ ಒಂದೇ ಸಮನೆ ಹೆಚ್ಚಿದರೆ ‘ಪ್ರೈಮರಿ’, ಕೆಲವು ಕಾಲ ಉಲ್ಬಣಿಸಿ ತಗ್ಗುತ್ತಿದ್ದು ಬಳಿಕ ನಿಧಾನವಾಗಿ ಏರತೊಡಗಿದರೆ ‘ಸೆಕೆಂಡರಿ’ ಎಂದು ಅದನ್ನು ವಿಂಗಡಿಸುತ್ತಾರೆ. ಅಮೆರಿಕದ ನರವೈದ್ಯ ಕರ್ಟ್ಸ್‌ಕೆ 1983ರಲ್ಲಿ ಪ್ರಕಟಿಸಿದ, ಈ ರೋಗದ ತೀವ್ರತೆಯನ್ನು ಅಳೆಯುವ 0ಯಿಂದ 10ರವರೆಗಿನ ಅಳತೆಪಟ್ಟಿಯಲ್ಲಿ ಸುಮಾರು 100 ಮೀಟರ್ ನಡೆಯಲು ಒಂದು ಊರುಗೋಲು ಬೇಕಾದ ಹಂತ 6 ಆಗಿದ್ದು, ಗಾಲಿಕುರ್ಚಿಯ ಹಂತ 7 ಆಗಿದೆ. ಆದರೆ ಮೇಲಿನ ಹಂತಗಳು ಮುಖ್ಯವಾಗಿ ನಡಿಗೆಯನ್ನೇ ಆಧರಿಸಿರುವುದರಿಂದ, ದಿನನಿತ್ಯದ ಬದುಕನ್ನು ಕಾಡುವ ತೀವ್ರ ಬಳಲಿಕೆ, ಸೆಕೆಗೆ ಉಲ್ಬಣಿಸುವ ಲಕ್ಷಣಗಳು ಮತ್ತು ನೆನಪಿನ ಮಂದತೆ ಅಂಕಿಯಲ್ಲಿ ಸರಿಯಾಗಿ ಕಾಣುವುದಿಲ್ಲ.