ಪೆಪ್ಟೈಡುಗಳ ಸಂರಕ್ಷಣೆ: ಇನ್ಸುಲಿನ್ನಿನ ಚರಿತ್ರೆಯ ಪಾಠ

ಜೀವರಸಾಯನ ಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಒಂದು ವಸ್ತುವನ್ನು ಯಾರು, ಎಂದು ಕಂಡುಹಿಡಿದರೆಂಬುದಕ್ಕೆ ಪ್ರಾಧಾನ್ಯ ಕೊಡುವುದು ವಾಡಿಕೆ. ಆ ವಸ್ತುವನ್ನು ಕೆಡದಂತೆ ಕಾಪಾಡಿದುದು ಹೇಗೆಂಬ ವಿಚಾರ ವಿರಳ. ಅಮೈನೋ ಆಮ್ಲಗಳ ಸರಪಳಿಗಳಾದ ಪೆಪ್ಟೈಡುಗಳ ವಿಷಯದಲ್ಲಿ ಈ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ಮುಖ್ಯವೆಂಬುದನ್ನು ಇನ್ಸುಲಿನ್ನಿನ ಚರಿತ್ರೆಯಿಂದ ತೋರಿಸುವುದು ನಮ್ಮ ಉದ್ದೇಶ.

1921ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಮ್ಯಾಕ್ಲಿಯಡರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಕಾರ್ಯಾರಂಭ ಮಾಡಿದರು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾತ್ರವಲ್ಲದೆ ಪ್ರೋಟೀನುಗಳನ್ನು ಒಡೆಯುವ ಜೀರ್ಣರಸವೂ ಉಂಟು. ಆದುದರಿಂದ ಗ್ರಂಥಿಯನ್ನು ಅರೆದೊಡನೆ ಬೇಕಾದ ವಸ್ತುವೇ ನಾಶವಾಗುವ ಭಯವಿತ್ತು. ಶೈತ್ಯವನ್ನೂ ಅನಂತರ ಆಮ್ಲ ಬೆರೆಸಿದ ಆಲ್ಕೊಹಾಲನ್ನೂ ಬಳಸಿ ಅವರು ಅದನ್ನು ಉಳಿಸಿಕೊಂಡರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಮ್ಸನ್ನನಿಗೆ ಕೊಟ್ಟ ಸಾರ ಅಶುದ್ಧವಾಗಿದ್ದು ಹೆಚ್ಚು ಫಲ ಕೊಡಲಿಲ್ಲ. ಜನವರಿ 23ರಿಂದ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಕೊಡಲಾಗಿ ಬಾಲಕ ಚೇತರಿಸಿಕೊಂಡನು.

ಆದರೆ ದೊರೆತುದು ಕೈಯಲ್ಲಿ ನಿಲ್ಲಲಿಲ್ಲ. ಅದೇ ವರ್ಷದ ವಸಂತದಲ್ಲಿ, ಹೆಚ್ಚಿನ ಪ್ರಮಾಣದಲ್ಲಿ ತಯಾರಿಸಹೊರಟಾಗ, ಸತ್ತ್ವವುಳ್ಳ ಸಾರ ಕಾಲಿಪ್ಪರಿಗೇ ದೊರೆಯದಾಯಿತು. ಔಷಧಕ್ಕಾಗಿ ಕಾದಿದ್ದ ರೋಗಿಗಳ ಪ್ರಾಣ ಸಂಕಟಕ್ಕೊಳಗಾಯಿತು. ದ್ರಾವಕವನ್ನು ಆವಿ ಮಾಡುವಾಗ ಶಾಖವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ಸುಧಾರಿಸಬೇಕಾಯಿತು. ಎಲೈ ಲಿಲ್ಲಿ ಸಂಸ್ಥೆಯ ತಯಾರಿಕೆಯಲ್ಲಿಯೂ ಇನ್ಸುಲಿನ್ ಇಟ್ಟಲ್ಲಿಯೇ ಸತ್ತ್ವಗುಂದುತ್ತಿದ್ದಿತು. ಆಮ್ಲೀಯತೆಯನ್ನು ಒಂದು ನಿಯತ ಮಟ್ಟಕ್ಕೆ ತಂದರೆ ಇನ್ಸುಲಿನ್ ಗಸಿಯಾಗಿ ಬೇರ್ಪಡುವುದೆಂಬುದನ್ನು ವಾಲ್ಡನ್ 1922ರಲ್ಲಿ ಕಂಡುಕೊಂಡ ಮೇಲೆ ಶುದ್ಧತೆಯೂ ಬಾಳಿಕೆಯೂ ಹೆಚ್ಚಿದವು. 1926ರಲ್ಲಿ ಏಬಲ್ ಇನ್ಸುಲಿನ್ನಿನ ಹರಳುಗಳನ್ನು ಪಡೆದರು.

ಈ ಕೇಡಿನ ಕಾರಣಗಳು ಸ್ಪಷ್ಟವಾದುದು ರಚನೆ ತಿಳಿದ ಮೇಲೆ. 1955ರ ವೇಳೆಗೆ ಸ್ಯಾಂಗರ್ ಗೋವಿನ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಕ್ರಮವನ್ನು ನಿರ್ಣಯಿಸಿದರು. ಜೀರ್ಣರಸದಿಂದ ರಕ್ಷಿಸಿದ ಆಮ್ಲವೇ ಕಾಲಕ್ರಮದಲ್ಲಿ ಸರಪಳಿಯ ಆಸ್ಪರಜೀನನ್ನು ಮಾರ್ಪಡಿಸುತ್ತದೆ; ಶಾಖ ಮತ್ತು ಕುಲುಕಾಟಗಳಿಂದ ಅಣುಗಳು ಒಂದಕ್ಕೊಂದು ಹೆಣೆದು ನಾರುಗಳಾಗುತ್ತವೆ.

1963ರಲ್ಲಿ ಮೆರಿಫೀಲ್ಡ್ ಘನ ಆಧಾರದ ಮೇಲೆ ಪೆಪ್ಟೈಡುಗಳನ್ನು ಜೋಡಿಸುವ ವಿಧಾನವನ್ನು ಪ್ರಕಟಿಸಿದ ತರುವಾಯ ಇವು ಅನೇಕ ಪ್ರಯೋಗಶಾಲೆಗಳಿಗೆ ಸುಲಭವಾಗಿ ದೊರೆಯತೊಡಗಿದವು. ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದ ಪುಡಿಯನ್ನು ಬೆಳಕು, ತೇವಗಳಿಂದ ದೂರವಾಗಿ, ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಅಥವಾ ಇನ್ನೂ ತಣ್ಣಗೆ ಇಡುವುದು ರೂಢಿ. ಸೀಸೆ ಕೊಠಡಿಯ ಉಷ್ಣತೆಗೆ ಬರುವ ಮುನ್ನ ತೆರೆಯಬಾರದು. ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ನೀರಾಗಿ ಕೂರುತ್ತದೆ. ಸಿಸ್ಟೀನ್, ಮೆಥಿಯೊನೀನ್ ಉಳ್ಳವುಗಳಿಗೆ ಆಮ್ಲಜನಕ ಶತ್ರು. ದ್ರಾವಣವನ್ನು ಒಮ್ಮೆಗೆ ಸಾಲುವಷ್ಟು ಪಾಲುಗಳಾಗಿ ಹಂಚಿಡಬೇಕು. ಮೇಲಿಂದ ಮೇಲೆ ಹೆಪ್ಪುಗಟ್ಟಿಸಿ ಕರಗಿಸುವುದು ಹಾನಿಕರ. ತೀರ ತೆಳುವಾದ ದ್ರಾವಣದಲ್ಲಿ ಪೆಪ್ಟೈಡಿನ ಗಣನೀಯ ಭಾಗ ಗಾಜಿಗೇ ಅಂಟಿಕೊಳ್ಳಬಹುದು.

ಇವನ್ನು ಕೇವಲ ಪರಿಚಾರಕರ ಕರ್ತವ್ಯಗಳೆಂದು ಭಾವಿಸುವುದು ಯುಕ್ತವಲ್ಲ. ಕೆಟ್ಟ ಪೆಪ್ಟೈಡೂ ಪ್ರಯೋಗದಲ್ಲಿ ಒಂದು ಉತ್ತರವನ್ನು ಕೊಟ್ಟೇ ಕೊಡುತ್ತದೆ. ಸೀಸೆಯ ದೋಷವನ್ನು ನಾವು ಪ್ರಕೃತಿಯ ನಿಯಮವೆಂದು ಬರೆದಿಡುವ ಅಪಾಯವಿದೆ. ಟೊರಾಂಟೊದಲ್ಲಿ ಸಾರ ಸತ್ತ್ವಹೀನವಾದಾಗ ರೋಗಿಯ ಸ್ಥಿತಿಯೇ ಅದನ್ನು ಸಾರಿತು. ನಮ್ಮ ಪ್ರಯೋಗಶಾಲೆಗಳಲ್ಲಿ ಹಾಗೆ ಸಾರಿಹೇಳುವವರಿಲ್ಲ. ಆದುದರಿಂದ ವಿದ್ಯಾರ್ಥಿಗಳು ಫಲಿತಾಂಶದೊಡನೆ ಪೆಪ್ಟೈಡನ್ನು ಕರಗಿಸಿದ ದಿನ, ದ್ರಾವಕ, ಇಟ್ಟ ಉಷ್ಣತೆಗಳನ್ನೂ ದಾಖಲೆ ಮಾಡುವುದು ಅವಶ್ಯಕ.