ದೋಣಿ ಎಂಜಿನ್ನಿನ ಚಳಿಗಾಲದ ರಕ್ಷಣೆ ಮತ್ತು ಆಂಟಿಫ್ರೀಜ್‌ನ ಚರಿತ್ರೆ

ಕೆರೆ ಕಡಲುಗಳು ಹೆಪ್ಪುಗಟ್ಟುವ ನಾಡುಗಳಲ್ಲಿ, ಮುಖ್ಯವಾಗಿ ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತ ಮತ್ತು ಬಾಲ್ಟಿಕ್ ತೀರದಲ್ಲಿ, ದೋಣಿಯನ್ನು ದಡಕ್ಕೆಳೆದು ನಿಲ್ಲಿಸುವಾಗ ಎಂಜಿನ್ನಿನ ನೀರು ಬಸಿದು ಆಂಟಿಫ್ರೀಜ್ ತುಂಬುವ ಕ್ರಮವಿದೆ. ನಮ್ಮಲ್ಲಿ ಈ ಬಗೆಯ ದ್ರವಕ್ಕೆ ಕೂಲೆಂಟ್ ಎಂದೇ ಹೆಸರು. ನೀರು ಬೇಗ ಕುದಿಯದಂತೆ, ತುಕ್ಕು ಹಿಡಿಯದಂತೆ ಕಾಯುವುದು ಇಲ್ಲಿ ಅದರ ಕೆಲಸ. ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ದಡ ಸೇರುವ ಮಲ್ಪೆಯ ದೋಣಿಗಳಿಗೆ ಹೆಪ್ಪಿನ ಭಯವಿಲ್ಲ. ಚಳಿನಾಡಿನ ಸಂಕಟ ಬೇರೆ: ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಹಿಗ್ಗಲಾರದೆ ಸೀಳುತ್ತದೆ. ಈ ರಕ್ಷಣೆಯ ಚರಿತ್ರೆಯನ್ನು ಮೋಟಾರು ಕಾರಿನ ಚರಿತ್ರೆಯ ಒಂದು ಕವಲೆಂದು ಹೇಳಿ ಮುಗಿಸುವುದು ಸುಲಭ. ಆದರೆ ಕಾರಿಗೆ ಇಲ್ಲದ ಒಂದು ಪ್ರಶ್ನೆ ದೋಣಿಗಿದೆ: ತುಂಬಿದ ದ್ರವ ವಸಂತದಲ್ಲಿ ಎಲ್ಲಿಗೆ ಹೋಗುತ್ತದೆ? ದೋಣಿಗೆ ಯಾವ ದ್ರವ ತಕ್ಕದ್ದು ಎಂಬುದು ನಿಲ್ಲುವುದು ಈ ಪ್ರಶ್ನೆಯ ಮೇಲೆಯೇ.

ಮೊದಲ ಕಾರುಗಳ ರೇಡಿಯೇಟರಿಗೆ ಆಲ್ಕೋಹಾಲ್, ಗ್ಲಿಸರಿನ್ ಸುರಿಯುತ್ತಿದ್ದರು. ಎಂಜಿನ್ ಬಿಸಿಯೇರಿದಂತೆ ಆಲ್ಕೋಹಾಲ್ ಆವಿಯಾಗಿ ಹೋಗುತ್ತಿತ್ತು. ಫ್ರೆಂಚ್ ರಸಾಯನ ವಿಜ್ಞಾನಿ ಶಾರ್ಲ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲೇ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್, 1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು ಆ ತೊಂದರೆ ನೀಗಿಸಿತು. ನೀರಿನೊಡನೆ ಸಮಪಾಲು ಬೆರೆಸಿದರೆ ಅದು ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟದು. ಕಾರಿನಲ್ಲಿ ಅದು ಒಳಗೇ ಸುತ್ತುತ್ತಿರುತ್ತದೆ. ಬಹಳಷ್ಟು ದೋಣಿ ಎಂಜಿನ್‌ಗಳಾದರೋ ಸರೋವರದ ನೀರನ್ನೇ ಹೀರಿ, ಮೈಯೊಳಗೆ ಹಾಯಿಸಿ, ಹೊಗೆಯ ಜೊತೆ ಹೊರಗುಗುಳುತ್ತವೆ. ಶರತ್ಕಾಲದಲ್ಲಿ ತುಂಬಿದ್ದು ವಸಂತದ ಮೊದಲ ಓಟದಲ್ಲೇ ನೀರುಪಾಲು. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ; ದೇಹದೊಳಗೆ ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಹೀಗಾಗಿ ದೋಣಿಗೆ ಒಗ್ಗಿದ್ದು ಅದರ ಸೋದರ ಸಂಯುಕ್ತವಾದ ಪ್ರೊಪಿಲೀನ್ ಗ್ಲೈಕಾಲ್. ಆಹಾರದಲ್ಲೂ ಔಷಧಿಯಲ್ಲೂ ಬಳಕೆಯಾಗುವಷ್ಟು ಅದರ ವಿಷಗುಣ ಕಡಿಮೆ. ಗುಲಾಬಿ ಬಣ್ಣ ಕಟ್ಟಿ ಮಾರುವ ದ್ರವ ಸಾಮಾನ್ಯವಾಗಿ ಇದೇ.

ಹೀಟ್ ಎಕ್ಸ್‌ಚೇಂಜರ್ ಬಂದ ಮೇಲೆ ಈ ಭೇದ ಅಳಿಯಿತಲ್ಲ ಎಂದು ಕೇಳಬಹುದು. ಅಳಿದದ್ದು ಅರ್ಧ ಮಾತ್ರ. ಎಂಜಿನ್ನಿನ ಮೈಯಲ್ಲಿ ಕಾರಿನಂತೆ ಮುಚ್ಚಿದ ಸುತ್ತು ಇದ್ದರೂ, ಅದರ ಶಾಖವನ್ನು ಹೊತ್ತೊಯ್ಯುವುದು ಸರೋವರದ ನೀರೇ; ಆ ಕೊಳವೆಗಳಿಗೂ ರಕ್ಷಣೆ ಬೇಕು. ನೀರು ಬಸಿದರೆ ಸಾಲದೇ, ದ್ರವವೇಕೆ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ನೆಟ್ಟಗೆ ನಿಲ್ಲಿಸಿದ ಔಟ್‌ಬೋರ್ಡ್ ಎಂಜಿನ್‌ನಲ್ಲಿ ನೀರು ತಾನಾಗಿ ಇಳಿದುಹೋಗುವುದರಿಂದ ಅಲ್ಲಿ ಅದು ಸರಿಯಾದ ಮಾತು. ಒಡಲೊಳಗೆ ಕೂರಿಸಿದ ಎಂಜಿನ್‌ನಲ್ಲಿ ಹಾಗಲ್ಲ. ಬ್ಲಾಕಿನ ಬುಡದ ಹಿತ್ತಾಳೆಯ ಪುಟ್ಟ ನಲ್ಲಿಯನ್ನು ತಿರುಗಿಸಿದಾಗ ನಾಲ್ಕು ಹನಿ ಬಿದ್ದು ನಿಂತರೆ ಒಳಗೆಲ್ಲ ಒಣಗಿದೆ ಎಂದು ತೋರುತ್ತದೆ. ತಂತಿ ತೂರಿಸಿ ಕೆದಕಿದರೆ ತುಕ್ಕಿನ ಹೆಕ್ಕಳೆ, ಮರಳು ಉದುರಿ, ಕೆಂಚುನೀರು ಬಳಬಳನೆ ಸುರಿಯುತ್ತದೆ. ಬ್ಲಾಕಿನ ಪಕ್ಕದ ಬಿಲ್ಲೆಗಳು ಹೆಪ್ಪಿನ ಒತ್ತಡಕ್ಕೆ ಕಳಚಿಕೊಂಡು ಎಂಜಿನ್ ಉಳಿಸುತ್ತವೆಂಬ ನಂಬಿಕೆಯೂ ತಪ್ಪು. ಎರಕದ ಮರಳು ತೆಗೆಯಲು ಬಿಟ್ಟ ತೂತುಗಳಿಗೆ ಅವು ಮುಚ್ಚಳ, ಅಷ್ಟೆ.

ಹಾಗೆಂದು ಗುಲಾಬಿ ದ್ರವವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ತಣ್ಣನೆಯ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಮುಚ್ಚಿರುವುದರಿಂದ ಪಂಪು ಹೀರಿದ ದ್ರವ ಬ್ಲಾಕನ್ನು ಬಳಸಿಕೊಂಡು ಹೊರಬಂದುಬಿಡಬಹುದು. ಹಿಂದಿನ ಕೊಳವೆಯಲ್ಲಿ ಗುಲಾಬಿ ಕಂಡ ಮಾತ್ರಕ್ಕೆ ಬ್ಲಾಕ್ ತುಂಬಿತೆಂದಲ್ಲ. ಡಬ್ಬಿಯ ಮೇಲಿನ ‘ಮೈನಸ್ 50’ ಫ್ಯಾರನ್‌ಹೀಟ್ ಲೆಕ್ಕ, ಅದೂ ಲೋಹ ಒಡೆಯದಿರುವ ಮಿತಿ. ಅದಕ್ಕಿಂತ ಎಷ್ಟೋ ಮೊದಲೇ ದ್ರವ ಅಂಬಲಿಯಂತೆ ಗಟ್ಟಿಯಾಗತೊಡಗುತ್ತದೆ. ಆ ಮೆದು ಹರಳುಗಳು ಖಾಲಿ ಜಾಗಕ್ಕೆ ಸರಿದುಕೊಳ್ಳಬಲ್ಲವು ಎಂಬುದೇ ರಕ್ಷಣೆ. ಬಸಿಯದೆ ಉಳಿದ ನೀರು ಬೆರೆತರೆ ಆ ಮಿತಿಯೂ ಉಳಿಯದು. ಆದ್ದರಿಂದ ಮೊದಲು ಬಸಿಯಬೇಕು, ಆಮೇಲೆ ತುಂಬಬೇಕು. ಪ್ರೊಪಿಲೀನ್ ಗ್ಲೈಕಾಲ್ ವಿಷವಲ್ಲದಿದ್ದರೂ ನೀರಿನಲ್ಲಿ ಕೊಳೆಯುವಾಗ ಮೀನುಗಳ ಪಾಲಿನ ಆಮ್ಲಜನಕವನ್ನು ಕಬಳಿಸುತ್ತದೆ. ಅದಕ್ಕೇ ಎಚ್ಚರವುಳ್ಳವರು ವಸಂತದಲ್ಲಿ ದೋಣಿಯನ್ನು ನೀರಿಗಿಳಿಸುವ ಮುನ್ನ, ದಡದಲ್ಲೇ ಎಂಜಿನ್ನಿಗೆ ನೀರಿನ ಪೈಪು ಜೋಡಿಸಿ ಓಡಿಸಿ, ಗುಲಾಬಿ ಮಾಸುವವರೆಗೆ ಹೊರಬಂದದ್ದನ್ನು ಬಕೆಟ್ಟಿನಲ್ಲಿ ಹಿಡಿದಿಡುತ್ತಾರೆ.