ಬಸ್ತಿಹಳ್ಳಿಯ ಬಸದಿಗಳೂ ಶ್ರಾವಕರ ವ್ರತನಿಯಮಗಳೂ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಿಂದ ಅನತಿದೂರದಲ್ಲಿರುವ ಬಸ್ತಿಹಳ್ಳಿಯಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ಸ್ಮರಣಾರ್ಥವಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯೂ, ಅದರೊಡನೆ ಆದಿನಾಥ, ಶಾಂತಿನಾಥರ ಬಸದಿಗಳೂ ಇವೆ. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳು, ಎದುರು ನಿಂತವರ ಪ್ರತಿಬಿಂಬ ಮೂಡುವಷ್ಟು ನುಣುಪಾಗಿವೆ. ಈ ಶಿಲ್ಪವೈಭವವನ್ನು ಕುರಿತು ಬರೆದವರು ಹಲವರು. ಆದರೆ ಬಸದಿಗಳಿಗೆ ಆಶ್ರಯವಾಗಿದ್ದ ಶ್ರಾವಕರ, ಎಂದರೆ ಜೈನ ಗೃಹಸ್ಥರ, ಸಮುದಾಯವು ತನ್ನ ನಡತೆಯನ್ನು ತಿದ್ದಿಕೊಳ್ಳಲು ಅನುಸರಿಸಬೇಕಾಗಿದ್ದ ಕ್ರಮವೂ ಅಷ್ಟೇ ವಿಚಾರಾರ್ಹವಾದುದು.

ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಗೃಹಸ್ಥನಿಗೆ ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತಗಳನ್ನು ವಿಧಿಸುತ್ತದೆ. ಅಹಿಂಸೆಯಿಂದಿರಬೇಕೆಂದು ಹೇಳಿ ಸುಮ್ಮನಾಗದೆ, ಕಡಿಯುವುದು, ಕಟ್ಟಿಹಾಕುವುದು, ಹೊಡೆಯುವುದು, ಅತಿಯಾಗಿ ಹೊರೆ ಹೇರುವುದು, ಮೇವು ತಡೆಯುವುದು ಎಂದು ಐದು ಅತಿಚಾರಗಳನ್ನು, ಎಂದರೆ ವ್ರತಲೋಪಗಳನ್ನು, ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಆದುದರಿಂದ ಎತ್ತಿನ ಬೆನ್ನಿನ ಮೇಲಿನ ಹೇರನ್ನು ಕಂಡೇ ಯಜಮಾನನು ವ್ರತದಲ್ಲಿರುವನೋ ತಪ್ಪಿರುವನೋ ಎಂದು ನಿರ್ಣಯಿಸಬಹುದು. ತಾಂಬೂಲ, ವಸ್ತ್ರ, ಆಭರಣ, ಸಂಗೀತಗಳ ಭೋಗವನ್ನು ಆಜೀವಪರ್ಯಂತ ತೊರೆದರೆ ಅದು ಯಮ. ಒಂದು ದಿನ, ಒಂದು ಪಕ್ಷ, ಒಂದು ಋತುವೆಂದು ಅವಧಿಯನ್ನು ಗೊತ್ತುಪಡಿಸಿಕೊಂಡು ಬಿಟ್ಟರೆ ನಿಯಮ. ಇಂದು ಎಲೆಯಡಿಕೆ ಒಲ್ಲೆನೆಂಬ ಸಂಕಲ್ಪಕ್ಕೂ ಶಾಸ್ತ್ರದಲ್ಲಿ ಸ್ಥಾನವುಂಟು.

ಈ ಮಾರ್ಗಕ್ಕೆ ಗುರುಗಳೇ ಆಧಾರ. ಬಾಲಚಂದ್ರ ಪಂಡಿತದೇವರ ಸಮಾಧಿಯನ್ನು ದಾಖಲಿಸುವ 1274ರ ಬಸ್ತಿಹಳ್ಳಿಯ ಶಾಸನವು ಆ ಗುರುಪರಂಪರೆಗೆ ಸಾಕ್ಷಿಯಾಗಿದೆ.

ನಡತೆಯನ್ನು ಹೀಗೆ ಗೊತ್ತಾದ ಅಳತೆಯಲ್ಲಿ ತಿದ್ದುವ ಯೋಚನೆ ಆಧುನಿಕ ವಿಜ್ಞಾನದಲ್ಲಿಯೂ ಉಂಟು. ಅಮೆರಿಕೆಯಲ್ಲಿ ಬೇರ್, ವುಲ್ಫ್, ರಿಸ್ಲಿ ಎಂಬ ಮೂವರು ವಿದ್ವಾಂಸರು 1968ರಲ್ಲಿ ಅನ್ವಯಿಕ ವರ್ತನ ವಿಶ್ಲೇಷಣೆಯ ಲಕ್ಷಣಗಳನ್ನು ನಿರೂಪಿಸಿದಾಗ, ತಿದ್ದಬೇಕಾದ ವರ್ತನೆಯು ಜೀವನಕ್ಕೆ ಮಹತ್ತ್ವವುಳ್ಳದ್ದಾಗಿರಬೇಕು, ಅಳೆಯಲು ಬರುವಂತಿರಬೇಕು, ಬದಲಾವಣೆಯು ಬಹುಕಾಲ ಬಾಳಬೇಕು ಎಂದರು. ಶ್ರಾವಕಾಚಾರಕ್ಕೂ ಈ ಶಾಸ್ತ್ರಕ್ಕೂ ಉದ್ದೇಶ ಬೇರೆ. ಒಂದರ ಗುರಿ ಕರ್ಮಕ್ಷಯ, ಇನ್ನೊಂದರದು ಲೌಕಿಕ ಹಿತ. ವಿಜ್ಞಾನಿಯು ಫಲವನ್ನು ಪ್ರಯೋಗದಿಂದ ಪರೀಕ್ಷಿಸುತ್ತಾನೆ. ಶ್ರಾವಕನು ತನ್ನ ಲೋಪಗಳನ್ನು ಪ್ರತಿಕ್ರಮಣವೆಂಬ ಆತ್ಮಾವಲೋಕನದಲ್ಲಿ ತಾನೇ ಎಣಿಸಿಕೊಳ್ಳುತ್ತಾನೆ. ಆದರೂ ಸ್ವಭಾವವನ್ನು ಹಳಿಯುವುದರಿಂದ ಮನುಷ್ಯನು ತಿದ್ದಿಕೊಳ್ಳಲಾರನು, ಮಾಡಬೇಕಾದುದನ್ನೂ ಬಿಡಬೇಕಾದುದನ್ನೂ ಅವನ ಶಕ್ತಿಗೆ ತಕ್ಕ ಅಳತೆಯಲ್ಲಿ ಗೊತ್ತುಪಡಿಸಬೇಕು ಎಂಬಲ್ಲಿ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ.